ಹುಟ್ಟಿದ ದಿನದ ಪಂಕ್ತಿ

ಹುಟ್ಟಿದ ದಿನವನ್ನು ಹತ್ತು ಜನರೊಡನೆ ಉಂಡು ನಲಿಯಬೇಕೆಂಬ ಆಸೆ ಮಾನವನಿಗೆ ಸಹಜವಾದುದು. ಹಿಂದೆ ಈ ಊಟ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದಿತು. ಈಗ ಪಟ್ಟಣದ ಗೃಹಸ್ಥನು ಮನೆಮಂದಿಯನ್ನೂ ಬಂಧುಮಿತ್ರರನ್ನೂ ಕೂಡಿಕೊಂಡು ತನಗೆ ಮೆಚ್ಚಾದ ಖಾನಾವಳಿಗೆ ಹೋಗುತ್ತಾನೆ. ಹುಬ್ಬಳ್ಳಿ ಧಾರವಾಡಗಳಲ್ಲಿ, ವಿಜಯಪುರ ಕಲಬುರಗಿಗಳಲ್ಲಿ, ದೂರದ ಬೆಂಗಳೂರಿನಲ್ಲಿಯೂ ಇಂತಹ ಊಟದ ಮನೆಗಳು ಬೇಕಾದಷ್ಟಿವೆ. ಬಿಸಿಯಾದ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಝುಣಕ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಬ್ಬದ ದಿನವಾದರೆ ಹೋಳಿಗೆ. ಹಿರಿಯರು ಕಿರಿಯರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಾಗ ಆ ಮನೆಯವರ ಮುಖದಲ್ಲಿ ಕಾಣುವ ಸಂತೋಷ ಹುಸಿಯಾದುದಲ್ಲ.

ಆದರೆ ಈ ಬಗೆಯ ಆಚರಣೆಯನ್ನು ಕಂಡು ಕೆಲವು ಹಿರಿಯರು ಮನಸ್ಸಿನಲ್ಲಿಯೇ ನೊಂದುಕೊಳ್ಳುವುದುಂಟು. ಮನೆಯ ಒಲೆ ತಣ್ಣಗಿರಲು ಹಬ್ಬವೆಂತಹುದು? ಯಾವ ಕೈ ಮಾಡಿದ ಅಡಿಗೆಯೋ, ಯಾವ ಮನಸ್ಸು ಬಡಿಸಿದ ಅನ್ನವೋ, ಅದು ಲಿಂಗಾರ್ಪಿತಕ್ಕೆ ತಕ್ಕುದೇ? ಇದು ಅವರ ಶಂಕೆ. ವರುಷವೆಲ್ಲ ಒಲೆಯ ಮುಂದೆ ಬೇಯುವ ಅವ್ವನಿಗೆ ಒಂದು ದಿನವಾದರೂ ಬಿಡುವು ಬೇಡವೇ, ಅವಳೂ ಎಲ್ಲರೊಡನೆ ಕುಳಿತು ಬಿಸಿಯಾದುದನ್ನು ಉಣ್ಣಬಾರದೇ ಎಂಬುದು ಕಿರಿಯರ ಮರುಪ್ರಶ್ನೆ. ಹಿರಿಯರ ಶಂಕೆಯಲ್ಲಿ ನಿಷ್ಠೆಯಿದೆ, ಕಿರಿಯರ ಪ್ರಶ್ನೆಯಲ್ಲಿ ಕರುಣೆಯಿದೆ. ಎರಡನ್ನೂ ತಳ್ಳಿಹಾಕುವಂತಿಲ್ಲ. ಶರಣಧರ್ಮವು ಇವೆರಡನ್ನೂ ಹೇಗೆ ಒಂದುಗೂಡಿಸುತ್ತದೆ ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಮೊದಲು ಹುಟ್ಟಿನ ಮಾತು. ಮಗು ಹುಟ್ಟಿದ ಮನೆಗೆ ಮೈಲಿಗೆ ತಟ್ಟುವುದೆಂಬ ರೂಢಿ ಲೋಕದಲ್ಲಿ ಬಲವಾಗಿದ್ದಿತು. ಹೆತ್ತ ತಾಯಿಯನ್ನು ಮೂಲೆಯಲ್ಲಿರಿಸಿ, ಆ ಮನೆಯ ನೀರನ್ನೂ ಮುಟ್ಟದೆ ದಿನಗಳನ್ನು ಎಣಿಸುತ್ತಿದ್ದರು. ಬಸವಾದಿ ಶಿವಶರಣರು ಇದನ್ನು ಒಪ್ಪಲಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲವೆಂಬುದು ಅವರ ನಿಲುವು. ಅಷ್ಟೇ ಅಲ್ಲ, ಬಸುರಿಯ ಎಂಟನೆಯ ತಿಂಗಳಲ್ಲಿಯೇ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆಯ ಸಂಸ್ಕಾರವನ್ನು ನಡೆಯಿಸುವ ಸಂಪ್ರದಾಯ ಈ ಧರ್ಮದಲ್ಲಿ ಬೆಳೆದುಬಂದಿದೆ. ಕಣ್ಣು ತೆರೆಯುವ ಮೊದಲೇ ಯಾವ ಜೀವಕ್ಕೆ ಲಿಂಗದ ಸಂಬಂಧವಾಯಿತೋ ಆ ಜೀವ ಭೂಮಿಗೆ ಬಂದ ದಿನ ಹೊಲೆಯಾಗುವುದೆಂತು? ಆದುದರಿಂದ ಹುಟ್ಟಿದ ದಿನದ ಸಂತೋಷಕ್ಕೆ ಶರಣಧರ್ಮದಲ್ಲಿ ಅಡ್ಡಿಯಿಲ್ಲ, ಆಸರೆಯಿದೆ.

ಆದರೆ ಆ ಸಂತೋಷ ಯಾವುದರ ಸಂತೋಷವೆಂಬುದನ್ನು ತಿಳಿಯಬೇಕು. ಯಾರೂ ತಮ್ಮ ಹುಟ್ಟನ್ನು ದುಡಿದು ಗಳಿಸಿದವರಲ್ಲ. ಒಂಬತ್ತು ತಿಂಗಳು ಹೊತ್ತವಳು ತಾಯಿ. ಆ ರಾತ್ರಿ ಎಚ್ಚರವಿದ್ದು ಕೈಗೆ ತೆಗೆದುಕೊಂಡವಳು ಸೂಲಗಿತ್ತಿ. ಬಾಣಂತಿಗೆ ಬಿಸಿನೀರು ಕಾಯಿಸಿದವರು, ಪಥ್ಯ ಮಾಡಿಕೊಟ್ಟವರು ನೆರೆಹೊರೆಯವರು. ಹೀಗೆ ಹುಟ್ಟೆಂಬುದು ಪಡೆದುದು, ಗಳಿಸಿದುದಲ್ಲ. ಪಡೆದ ವಸ್ತುವನ್ನು ತನ್ನದೆಂದು ಮೆರೆಯುವುದು ಒಂದು ಬಗೆ. ಇದು ಬಂದುದು ಹಲವರ ಕೈಯಿಂದ ಎಂದು ನೆನೆದು ಹಲವರೊಡನೆ ಹಂಚಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದರಿಂದ ಅಹಂಕಾರವೂ ಎರಡನೆಯದರಿಂದ ದಾಸೋಹವೂ ಹುಟ್ಟುತ್ತವೆ. ಒಂದೇ ಊಟ, ಒಂದೇ ಖಾನಾವಳಿ, ಒಂದೇ ಹೋಳಿಗೆ. ಉಣ್ಣುವವನ ಭಾವಕ್ಕೆ ತಕ್ಕಂತೆ ಅದು ಬರಿಯ ಭೋಗವೂ ಆಗಬಹುದು, ಪ್ರಸಾದವೂ ಆಗಬಹುದು.

ಈಗ ಹಿರಿಯರ ಶಂಕೆಗೆ ಬರೋಣವಾಗಲಿ. ಹೊರಗಿನ ಅಡಿಗೆ ಅರ್ಪಿತಕ್ಕೆ ಸಲ್ಲುವುದೇ? ಸ್ಥಾವರ ಗುಡಿಯನ್ನೇ ನಂಬಿದವನಿಗೆ ದೇವರು ಇರುವ ಎಡೆ ಒಂದು, ಉಣ್ಣುವ ಎಡೆ ಇನ್ನೊಂದು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಆ ಭೇದವಿಲ್ಲ. ಅವನು ಕುಳಿತಲ್ಲಿಯೇ ಪೂಜಾಗೃಹ, ಅವನ ಮುಂದಿನ ಗಂಗಾಳವೇ ನೈವೇದ್ಯದ ತಟ್ಟೆ. ಮನೆಯಲ್ಲಿ ಅರ್ಪಿಸಿ ಉಣ್ಣುವವನು ಖಾನಾವಳಿಯ ಮೇಜಿನ ಮುಂದೆ ಅರ್ಪಣೆಯನ್ನು ಮರೆತರೆ ತಪ್ಪು ಖಾನಾವಳಿಯದಲ್ಲ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವು ಎಲ್ಲಿ ಉಂಡೆ ಎಂದು ಕೇಳುವುದಕ್ಕಿಂತ ಯಾವ ಅವಧಾನದಿಂದ ಉಂಡೆ ಎಂದು ಕೇಳುತ್ತದೆ. ಗದ್ದಲದ ನಡುವೆ ಅರೆಗಳಿಗೆ ಕಣ್ಣು ಮುಚ್ಚಿ, ಬಂದ ರುಚಿಯನ್ನು ಲಿಂಗಕ್ಕೆ ಸಲ್ಲಿಸಿ ತುತ್ತನ್ನು ಎತ್ತುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೊರಗೆ ಉಂಡುದಕ್ಕಾಗಿ ಬಸವಣ್ಣನವರೂ ದೂರಿಗೆ ಗುರಿಯಾದರು ಎಂಬುದನ್ನು ಇಲ್ಲಿ ನೆನೆಯಬೇಕು. ಲೋಕವು ಕೀಳೆಂದು ದೂರವಿರಿಸಿದ್ದ ಕಂಬಳಿಯ ನಾಗಿದೇವರ ಮನೆಗೆ ಅವರು ಹೋಗಿ ಪ್ರಸಾದವನ್ನು ಸ್ವೀಕರಿಸಿದ ಕಥೆಯನ್ನು ಹರಿಹರ ಕವಿಯು ಬಸವರಾಜದೇವರ ರಗಳೆಯಲ್ಲಿ ಹೇಳಿದ್ದಾನೆ. ಆ ದೂರು ಬಿಜ್ಜಳನ ಸಭೆಗೆ ಮುಟ್ಟಿತು. ದೂರಿದವರು ಅಡಿಗೆಯ ಶುಚಿಯನ್ನು ಕುರಿತು ಕೇಳಲಿಲ್ಲ, ಅಡಿಗೆ ಮಾಡಿದವರ ಕುಲವನ್ನು ಕುರಿತು ಕೇಳಿದರು. ಇಂದಿಗೂ ಯಾರ ಕೈಯ ಅಡಿಗೆಯೋ ಎಂಬ ಮಾತನ್ನು ಆಡುವಾಗ ಭಕ್ತನು ತನ್ನೊಳಗೆ ಇಳಿದು ನೋಡಬೇಕು. ಪಾತ್ರೆ ತೊಳೆದಿದೆಯೇ, ನೀರು ಶುದ್ಧವಾಗಿದೆಯೇ ಎಂದು ಕೇಳುವುದು ವಿವೇಕ. ಅದನ್ನು ಮೀರಿ ಕೇಳುವುದು, ಬಸವಣ್ಣನವರು ಬಾಗಿಲಿನಿಂದ ಹೊರಹಾಕಿದ ಸೂತಕವನ್ನು ಕಿಟಕಿಯಿಂದ ಒಳಗೆ ಕರೆದಂತೆ.

ಪಂಕ್ತಿಯ ವಿಷಯದಲ್ಲಿ ಈ ನಾಡು ನಡೆದುಬಂದ ದಾರಿ ಸಣ್ಣದಲ್ಲ. ಊಟದ ಮನೆಗಳಲ್ಲಿಯೂ ಜಾತಿಗೊಂದು ಸಾಲು, ಕೆಲವರಿಗೆ ಹೊರಜಗುಲಿ ಎಂಬ ಕಾಲವಿದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ, ಜಾತಿ ಮತಗಳ ಕಾರಣದಿಂದ ಯಾರನ್ನೂ ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಶಾಲೆಗಳ ಹೊರಗಿಡಲಾಗದೆಂದು ವಿಧಿಸಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯಲ್ಲಿ ನಡೆಯುತ್ತಿದ್ದುದು ಎಂಟು ನೂರು ವರ್ಷಗಳ ಬಳಿಕ ನಾಡಿನ ಕಾನೂನಾಯಿತು. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲುದೇ ಹೊರತು ಮನಸ್ಸನ್ನು ತೆರೆಯಲಾರದು. ಒಂದೇ ಚಾವಣಿಯ ಕೆಳಗೆ ಕುಳಿತರೂ ಪಂಕ್ತಿ ಮುಚ್ಚಿಯೇ ಇರಬಹುದು. ಬಾಗಿಲು ಜಾತಿಯಿಂದಷ್ಟೇ ಮುಚ್ಚುವುದಿಲ್ಲ. ಬಡತನ, ಮುನಿಸು, ನಾಚಿಕೆ ಇವುಗಳಿಂದಲೂ ಮುಚ್ಚುತ್ತದೆ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಭಾವಿಸಬಹುದು. ಅರಿವೆಯ ಅಂಗಡಿಯಿಟ್ಟು ನಾಲ್ಕು ಕಾಸು ಕಂಡ ಗೃಹಸ್ಥನೊಬ್ಬನು ತಾಯಿಯ 75ನೆಯ ಹುಟ್ಟುಹಬ್ಬವನ್ನು ಊರಿನ ಹೆಸರಾದ ಖಾನಾವಳಿಯಲ್ಲಿ ನಡೆಯಿಸಲು ನಿಶ್ಚಯಿಸುತ್ತಾನೆ. ಆ ಖಾನಾವಳಿಯ ರೊಟ್ಟಿಯೆಂದರೆ ಅವನಿಗೆ ಪ್ರಾಣ. ಕರೆಯಬೇಕಾದವರ ಯಾದಿಯನ್ನು ಬರೆದು ತಾಯಿಗೆ ಓದಿ ಹೇಳುತ್ತಾನೆ. ಬೀಗರು, ವ್ಯಾಪಾರದ ಗೆಳೆಯರು, ಓಣಿಯ ಹಿರಿಯರು ಎಲ್ಲರೂ ಇದ್ದಾರೆ; ಒಡಹುಟ್ಟಿದ ತಮ್ಮನ ಹೆಸರಿಲ್ಲ. ತಮ್ಮನು ಯಾರಿಗೋ ಜಾಮೀನು ನಿಂತು ಇದ್ದುದನ್ನೆಲ್ಲ ಕಳೆದುಕೊಂಡು, ಆ ಮಾತಿನ ಮೇಲೆ ಅಣ್ಣನೊಡನೆ ಮುನಿಸಾಗಿ, ಎರಡು ವರ್ಷಗಳಿಂದ ಬೇರೆ ಓಣಿಯ ಬಾಡಿಗೆಯ ಕೋಣೆಯಲ್ಲಿದ್ದಾನೆ.

“ತಮ್ಮನ ಹೆಸರು ಎಲ್ಲಿ, ಅಪ್ಪಾ?” ಎಂದು ತಾಯಿ ಕೇಳುತ್ತಾಳೆ.

“ಅವ್ವಾ, ಬಂದವರೆಲ್ಲ ಏನಾದರೂ ಮುಯ್ಯಿ ತಂದೇ ತರುತ್ತಾರೆ. ಅವನು ಬರಿಗೈಯಲ್ಲಿ ಬಂದು ನಾಚಿಕೊಳ್ಳಬೇಕೇ? ಕರೆಯದಿರುವುದೇ ಅವನಿಗೆ ಒಳ್ಳೆಯದು” ಎನ್ನುತ್ತಾನೆ ಹಿರಿಯ ಮಗ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾಳೆ: “ನೀವಿಬ್ಬರೂ ನನ್ನ ಮಡಿಲಿಗೆ ಬಂದಾಗ ಕೈಯಲ್ಲಿ ಏನು ಹಿಡಿದು ಬಂದಿದ್ದಿರಪ್ಪಾ? ನಾನು ಹೆತ್ತವನಿಗೆ ಎಡೆಯಿಲ್ಲದ ಪಂಕ್ತಿಯಲ್ಲಿ ನನ್ನ ಗಂಗಾಳವನ್ನೂ ಇಡಿಸಬೇಡ.”

ಮಗನು ಆ ಮಾತಿಗೆ ತಲೆಬಾಗಿ, ಮರುದಿನ ಬೆಳಗಿನ ಜಾವದಲ್ಲಿಯೇ ತಮ್ಮನ ಕೋಣೆಗೆ ಹೋಗುತ್ತಾನೆ. ಒಳಗೆ ಒಲೆ ಉರಿಯುತ್ತಿದೆ. ತಮ್ಮನ ಹೆಂಡತಿ ಕೊಣಮಿಗೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಾಳೆ. ತಮ್ಮನು ಬೆಂದ ರೊಟ್ಟಿಗಳನ್ನು ಎಣಿಸಿ ಬಿಳಿಯ ಅರಿವೆಯಲ್ಲಿ ಕಟ್ಟುತ್ತಿದ್ದಾನೆ. ಇಷ್ಟೊಂದು ರೊಟ್ಟಿ ಎಲ್ಲಿಗೆಂದು ಕೇಳಿದಾಗ ತಮ್ಮನು ಹೇಳಿದ ಹೆಸರು ಅದೇ ಖಾನಾವಳಿಯದು. ವರ್ಷದಿಂದ ಅಣ್ಣನು ಹಾಡಿ ಹೊಗಳಿ ಉಂಡ ರೊಟ್ಟಿ, ಯಾರ ಹೆಸರನ್ನು ಯಾದಿಯಿಂದ ಬಿಟ್ಟಿದ್ದನೋ ಅವರ ಮನೆಯ ರೊಟ್ಟಿ. ಅವನಿಗೆ ಮಾತು ಹೊರಡಲಿಲ್ಲ. ಹುಟ್ಟುಹಬ್ಬದ ದಿನ ತಾಯಿಯ ಎಡಬಲಗಳಲ್ಲಿ ಇಬ್ಬರು ಮಕ್ಕಳೂ ಕುಳಿತರು. ರೊಟ್ಟಿಯನ್ನು ಬಡಿದ ಸೊಸೆಯೂ ಆ ದಿನ ಎಲ್ಲರ ಸಾಲಿನಲ್ಲಿ ಕುಳಿತು, ಬೇರೊಬ್ಬರು ಬಡಿಸಿದುದನ್ನು ಉಂಡಳು.

ಈ ದೃಷ್ಟಾಂತದ ತಿರುಳು ಅಣ್ಣತಮ್ಮಂದಿರ ಮುನಿಸಿಗೆ ಮುಗಿಯುವುದಿಲ್ಲ. ಯಾರ ಗಂಗಾಳದಲ್ಲಿ ಬಿದ್ದ ರೊಟ್ಟಿಯೂ ಯಾರೋ ಒಬ್ಬರ ಒಡಹುಟ್ಟಿದವರ ಕೈಯ ರೊಟ್ಟಿಯೇ. ಹಿಂಗಾರಿಯ ಬಿಳಿಜೋಳವನ್ನು ಎರೆಹೊಲದಲ್ಲಿ ಬಿತ್ತಿ, ಚಳಿಗಾಲವೆಲ್ಲ ಹಕ್ಕಿ ಕಾಯ್ದು, ಬೇಸಗೆಯ ಮೊದಲಲ್ಲಿ ಕೊಯ್ದು ಒಕ್ಕಿದವರು ಬೇರೆ, ಬೀಸಿದವರು ಬೇರೆ, ನಸುಕಿನಲ್ಲಿ ಎದ್ದು ಬಡಿದವರು ಬೇರೆ, ಬಡಿಸಿದವರು, ಎಂಜಲು ತೆಗೆದವರು ಬೇರೆ. ಇವರೆಲ್ಲರ ಕಾಯಕ ಸೇರಿ ಒಂದು ಊಟವಾಗುತ್ತದೆ. ಕೊನೆಯಲ್ಲಿ ಬಿಲ್ಲಿನ ಹಣವನ್ನು ತೆತ್ತ ಮಾತ್ರಕ್ಕೆ ಲೆಕ್ಕ ತೀರಬಹುದು, ಋಣ ತೀರುವುದಿಲ್ಲ. ಬಡಿಸುವ ಹುಡುಗನನ್ನು ‘ಏಯ್’ ಎಂದು ಕೂಗಿ ಕರೆದು, ಮರುಗಳಿಗೆಯಲ್ಲಿ ಹುಟ್ಟುಹಬ್ಬದವನಿಗೆ ನೂರು ವರ್ಷ ಹಾರೈಸುವವರ ಹಾರೈಕೆಗೆ ಬೆಲೆಯೆಷ್ಟು? ಬಂಧುಗಳನ್ನು ಕರೆತಂದ ಗಾಡಿಯ ಚಾಲಕನು ಹೊರಗೆ ಬಿಸಿಲಿನಲ್ಲಿ ಕಾಯುತ್ತಿರಲು ಒಳಗೆ ಹೋಳಿಗೆಯನ್ನು ಹಂಚುವುದು ಶರಣರ ಪಂಕ್ತಿಯಾಗಲಾರದು. ಅವನಿಗೆ ಪೊಟ್ಟಣ ಕಟ್ಟಿಸಿ ಕೊಡುವುದು ದಯೆ. ಒಳಗೆ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದು ಧರ್ಮ.

ಇನ್ನು ಖರ್ಚಿನ ಪ್ರಶ್ನೆ. ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲ ಭಕ್ತರೂ ಬಲ್ಲುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಪತ್ನಿ ಲಕ್ಕಮ್ಮನವರು ಅದಕ್ಕೆ ಹಿಗ್ಗಲಿಲ್ಲ. ದಿನದ ಅಳತೆಯನ್ನು ಮೀರಿದುದು ಆಸೆಯಿಂದ ಬಂದುದೆಂದು ತಿಳಿದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಮನೆ ಬಡತನದ ಮನೆ. ಆದರೂ ಅಲ್ಲಿ ಹಸಿದು ಬಂದವರಿಗೆ ಊಟವಿದ್ದಿತು. ಇಂದು ಕೆಲವರು ಸಾಲ ಮಾಡಿ ಹುಟ್ಟುಹಬ್ಬವನ್ನು ನಡೆಯಿಸುತ್ತಾರೆ. ನೆರೆಮನೆಯವರು ಐವತ್ತು ಜನರನ್ನು ಕರೆದರೆಂದು ತಾವು ನೂರು ಜನರನ್ನು ಕರೆಯುತ್ತಾರೆ. ಸಾಲದ ಹೋಳಿಗೆ ಬಾಯಿಗೆ ಸಿಹಿಯಾದರೂ ತಿಂಗಳ ಕೊನೆಯಲ್ಲಿ ಮನೆಯವರ ಕಣ್ಣಿಗೆ ಖಾರವಾಗುತ್ತದೆ. ಸತ್ಯಶುದ್ಧ ಕಾಯಕದಿಂದ ಬಂದ ಹಣ ಐದು ಜನರ ಊಟಕ್ಕೆ ಸಾಕಾದರೆ ಐದೇ ಜನರ ಪಂಕ್ತಿಯಾಗಲಿ. ಆ ಐವರಲ್ಲಿ ಒಬ್ಬನು ಎಂದೂ ಕರೆ ಬಾರದವನಾಗಿರಲಿ. ಆ ಪಂಕ್ತಿಗೆ ಲಕ್ಕಮ್ಮನವರ ಮೆಚ್ಚುಗೆ ಉಂಟು.

ಗಂಗಾಳದಲ್ಲಿ ಉಳಿಸುವ ಅನ್ನದ ಮಾತನ್ನೂ ಹೇಳದೆ ಬಿಡುವಂತಿಲ್ಲ. ಎಂಜಲೆಂಬ ಸೂತಕವನ್ನು ಶರಣರು ಅಲ್ಲಗಳೆದರು. ಏಕೆಂದರೆ ಲಿಂಗಕ್ಕೆ ಅರ್ಪಿತವಾದುದು ಪ್ರಸಾದ, ಪ್ರಸಾದಕ್ಕೆ ಎಂಜಲಿಲ್ಲ. ಆದುದರಿಂದಲೇ ಪ್ರಸಾದವನ್ನು ಚೆಲ್ಲುವಂತೆಯೂ ಇಲ್ಲ. ನಿಷ್ಠಾವಂತರಾದ ಪ್ರಸಾದಿಗಳು ಉಂಡ ಬಳಿಕ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿಯುವ ಆಚಾರ ಮಠಗಳಲ್ಲಿ ಬೆಳೆದುಬಂದುದು ಈ ಕಾರಣದಿಂದ. ಖಾನಾವಳಿಯಲ್ಲಿ ಅಷ್ಟನ್ನು ಮಾಡಲು ಸಂಕೋಚವಾದರೂ ಬೇಕಾದಷ್ಟನ್ನೇ ಬಡಿಸಿಕೊಳ್ಳುವುದಕ್ಕೆ ಸಂಕೋಚವೇಕೆ? ಹಣ ಕೊಟ್ಟಿದ್ದೇನೆ, ಬಿಟ್ಟರೆ ನನ್ನದು ಎಂಬ ಮಾತು ಭಕ್ತನ ಬಾಯಲ್ಲಿ ಸಲ್ಲದು. ಹಣ ಅವನದಾದರೂ ಅನ್ನ ಅವನೊಬ್ಬನದಲ್ಲ. ಬಡಿಸದೆ ಪಾತ್ರೆಯಲ್ಲಿ ಉಳಿದುದಿದ್ದರೆ ಅದನ್ನು ಶುಚಿಯಾಗಿ ಕಟ್ಟಿಸಿಕೊಂಡು, ಕೆಡುವ ಮೊದಲೇ ಹಸಿದವರಿಗೆ ಮುಟ್ಟಿಸುವುದು ಯಾರಿಗೂ ಆಗದ ಕೆಲಸವಲ್ಲ.

ಹುಟ್ಟಿದ ದಿನವನ್ನು ಸಮಷ್ಟಿಯ ಊಟವಾಗಿ ಮಾಡುವ ಪಾಠ ಈ ಸಮಾಜಕ್ಕೆ ಹೊಸದಲ್ಲ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಗೆ ಮೊದಲಿಟ್ಟರು. ಅಂದಿನಿಂದ ವೈಶಾಖ ಶುದ್ಧ ತದಿಗೆಯ ದಿನ ಊರೂರುಗಳಲ್ಲಿ ಮೆರವಣಿಗೆಯ ಬಳಿಕ ದಾಸೋಹದ ಪಂಕ್ತಿ ಕೂಡುತ್ತಲೇ ಬಂದಿದೆ. ಬಸವಣ್ಣನವರ ಹುಟ್ಟುಹಬ್ಬಕ್ಕೆ ಬಂದವರನ್ನು ಮುಯ್ಯಿ ತಂದಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಅದೇ ರೀತಿಯನ್ನು ತಮ್ಮ ಮನೆಯ ಮಗುವಿನ ಹುಟ್ಟುಹಬ್ಬಕ್ಕೂ ತರುವುದು ಭಕ್ತರಿಗೆ ಕಷ್ಟವಾಗಬೇಕಿಲ್ಲ.

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹುಟ್ಟಿದುದು 1907ರ ಏಪ್ರಿಲ್ 1ರಂದು. ಆ ದಿನವನ್ನು ಭಕ್ತರು ಗುರುವಂದನೆಯಾಗಿ ಆಚರಿಸಿದರೆ, ಅವರು ಮಾತ್ರ ದಿನನಿತ್ಯವೂ ಹತ್ತು ಸಾವಿರದಷ್ಟು ಮಕ್ಕಳ ಊಟವನ್ನೇ ತಮ್ಮ ಹಬ್ಬವೆಂದು ಬಗೆದವರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಆ ಸುದ್ದಿಯನ್ನು ಹೊರಗೆ ತಿಳಿಸಲಾಯಿತೆಂಬುದು ನಾಡೆಲ್ಲ ಬಲ್ಲ ಸಂಗತಿ. ತನ್ನ ಸಾವಿನಿಂದಲೂ ಒಂದು ಮಗುವಿನ ತುತ್ತು ತಪ್ಪಬಾರದೆಂಬುದು ಆ ಹಿರಿಯ ಜೀವದ ನಿಲುವಾಗಿದ್ದಿತು. ಹಾಗಿರಲು, ತನ್ನ ಹುಟ್ಟಿನ ಸಂತೋಷದಲ್ಲಿ ಒಂದು ಮಗುವಿಗೆ ತುತ್ತು ಹೆಚ್ಚಾಗಲಿ ಎಂದಾದರೂ ಗೃಹಸ್ಥನು ಬಯಸಬಾರದೇ?

ಅದಕ್ಕೆ ದಾರಿಗಳು ಹತ್ತಿರದಲ್ಲಿಯೇ ಇವೆ. ಕರ್ನಾಟಕದ ಶಾಲೆಗಳ ಮಧ್ಯಾಹ್ನದ ಊಟವು 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ; ಶರಣರ ಮಾತೇ ಸರಕಾರದ ಮಾತಾಯಿತು. ಹುಟ್ಟುಹಬ್ಬ ಮೊದಲಾದ ವಿಶೇಷ ದಿನಗಳಲ್ಲಿ ಊರವರು ಶಾಲೆಯ ಮಕ್ಕಳಿಗೆ ಸಿಹಿಯೂಟವನ್ನೋ ಹಣ್ಣನ್ನೋ ಒದಗಿಸುವ ‘ತಿಥಿ ಭೋಜನ’ ಗುಜರಾತಿನಲ್ಲಿ ಬೆಳೆದು, ಈಗ ಕೇಂದ್ರದ ಪಿಎಂ ಪೋಷಣ್ ಯೋಜನೆಯಲ್ಲಿ ಸೇರಿದೆ. ಖಾನಾವಳಿಗೆ ಹೋಗುವ ಗೃಹಸ್ಥನು ಅದೇ ವಾರ ತನ್ನ ಓಣಿಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ತನ್ನ ಶಕ್ತಿಯಿದ್ದಷ್ಟು ಹಣ್ಣನ್ನಾಗಲಿ ಹುಗ್ಗಿಯನ್ನಾಗಲಿ ಆ ಪಂಕ್ತಿಗೆ ಸೇರಿಸಬಹುದು. ಮಠದ ಪ್ರಸಾದನಿಲಯಕ್ಕೆ ಒಂದು ಚೀಲ ಜೋಳವನ್ನು ಮುಟ್ಟಿಸಬಹುದು. ಹುಟ್ಟುಹಬ್ಬದ ಮಗುವಿನ ಕೈಯಿಂದಲೇ ಬಡಿಸಿದರೆ, ಪಡೆಯುವ ದಿನ ಕೊಡುವ ದಿನವೂ ಹೌದೆಂಬ ಪಾಠ ಅದಕ್ಕೆ ಮಾತಿಲ್ಲದೆ ತಿಳಿಯುತ್ತದೆ.

ಶೂನ್ಯಸಂಪಾದನೆಯಲ್ಲಿ ಪ್ರಭುದೇವರ ಆರೋಗಣೆಯ ಪ್ರಸಂಗವೊಂದುಂಟು. ಜಂಗಮರಿಗೆಲ್ಲ ಸಿದ್ಧವಾಗಿದ್ದ ಅಡಿಗೆಯನ್ನು ಅಲ್ಲಮಪ್ರಭುಗಳೊಬ್ಬರೇ ಉಂಡರೂ ಅವರ ಹಸಿವು ಅಡಗಲಿಲ್ಲ. ಕೊನೆಗೆ ಬಸವಣ್ಣನವರು ತಮ್ಮನ್ನೇ ಅರ್ಪಿಸಿಕೊಂಡಾಗ ಪ್ರಭುಗಳು ತೃಪ್ತರಾದರು. ಅವರ ತೃಪ್ತಿಯಿಂದ ಎಲ್ಲ ಜಂಗಮರೂ ತೃಪ್ತರಾದರು. ಉಣಿಸುವವನು ಬರಿಯ ಪದಾರ್ಥವನ್ನು ಕೊಟ್ಟರೆ ಹೊಟ್ಟೆ ತುಂಬೀತು, ತಾನೇ ಕರಗಿ ಬಡಿಸಿದರೆ ಮಾತ್ರ ಮನಸ್ಸು ತುಂಬುವುದು. ಹುಟ್ಟುಹಬ್ಬದ ಯಜಮಾನನು ಖಾನಾವಳಿಯಲ್ಲಿ ಮೊದಲು ಕುಳಿತು ಕೊನೆಗೆ ಏಳುವವನಾಗದೆ, ಎಲ್ಲರ ಎಡೆಯನ್ನೂ ಒಮ್ಮೆ ನೋಡಿ, ಬಂದವರ ಕುಶಲವನ್ನು ಕೇಳಿ, ಬಾರದವರ ನೆನಪನ್ನು ತೆಗೆದು ಬಳಿಕ ತನ್ನ ತುತ್ತನ್ನು ಎತ್ತಿದರೆ ಆ ಊಟದ ರುಚಿಯೇ ಬೇರೆ.

ಆದುದರಿಂದ ಸದ್ಭಕ್ತರು ಮೆಚ್ಚಿನ ಖಾನಾವಳಿಗೆ ಹೋಗುವುದಕ್ಕೆ ಅಂಜಬೇಕಾಗಿಲ್ಲ. ಹೋಗುವ ಮೊದಲು ಕರೆಯುವವರ ಯಾದಿಯನ್ನು ಇನ್ನೊಮ್ಮೆ ಓದಬೇಕು. ಅದರಲ್ಲಿ ಬಿಟ್ಟುಹೋದ ಹೆಸರೊಂದು ಇದ್ದೇ ಇರುತ್ತದೆ: ಮಾತು ಬಿಟ್ಟ ಅಣ್ಣನೋ, ಬರಿಗೈಯ ತಂಗಿಯೋ, ಪಾತ್ರೆ ತೊಳೆಯುವ ಮುದುಕಿಯೋ. ಆ ಹೆಸರನ್ನು ಮೊದಲು ಬರೆದು, ಅವರ ಮನೆಗೆ ತಾನೇ ಹೋಗಿ ಕರೆದು ಬರಲಿ. ಅವರು ಬಂದು ಸಾಲಿನಲ್ಲಿ ಕುಳಿತ ಮೇಲೆ ಬಡಿಸಲು ಹೇಳಲಿ.